ಬೆಲ್ಲ ಹಿಡಿದ ಸೊಲಿಗೆ

ಅದಕ್ಕೆ ಸೊಲ್ಲಿ ಅನ್ನುತ್ತಿದ್ದರೋ, ಸೊಲಗಿಯೋ... ಹಾಂ, ಸೊಲಿಗೆ, ಹಾಗೇ ಬರೆದುಕೋ ಪುಟ್ಟೀ. ಅಕ್ಕಿ ಅಳೆಯುವ ಬಿದಿರಿನ ಪುಟ್ಟ ಪಾತ್ರೆ. ಈ ಊರಲ್ಲಿ ಅದನ್ನು ಕಂಡವರಿಲ್ಲ.

ಸಂತೆಪೇಟೆಯ ಶಾಂತಮಲ್ಲಪ್ಪನ ಅಂಗಡಿಯ ಸೊಲಿಗೆ ಸದಾ ಹೆದರಿಕೊಂಡೇ ಇರುತ್ತಿತ್ತು. ಸಾಹುಕಾರ ಅದರ ತಳಕ್ಕೆ ಮೇಣ ಮೆತ್ತಿ ಅಳತೆ ತಗ್ಗಿಸುತ್ತಿದ್ದ. ಯಾರಿಗೂ ಅನುಮಾನ ಬಾರದಂತೆ ಕೊನೆಗೊಂದು ಹಿಡಿ ಅಕ್ಕಿಯನ್ನು ಕೊಸರೆಂದು ಪುಕ್ಕಟೆ ಹಾಕುತ್ತಿದ್ದ. ಆ ವಾರ ಮೇಣ ಸಿಗದೆ ಬೆಲ್ಲದ ಗಟ್ಟಿಪಾಕ ಹುಯ್ದಿದ್ದ. ಸಂತೆಯ ದಿನ ಬೆಳಿಗ್ಗೆ ಇರುವೆಯೊಂದು ಅಂಚು ಹತ್ತಿ ಇಣುಕಿತು.

"ತೊಲಗು! ಗಿರಾಕಿ ಕಂಡರೆ ಸಾಹುಕಾರ ನನ್ನನ್ನು ಒಲೆಗಿಡುತ್ತಾನೆ" ಎಂದಿತು ಸೊಲಿಗೆ.

"ತಿಂದು ಹೋಗುತ್ತೇವೆ. ನಿನ್ನ ಹೊಟ್ಟೆಯೂ ಹಗುರಾಗುತ್ತದೆ."

"ಹಾಗಾದರೆ ಒಬ್ಬೊಬ್ಬರೇ ಕದ್ದು ಬನ್ನಿ."

"ಕದಿಯುವುದು ನಿಮ್ಮ ಅಂಗಡಿಯ ರೂಢಿ, ತಾಯೀ. ನಾವು ಸಾಲಿನಲ್ಲೇ ಬರುವವರು."

ಇರುವೆಯ ಸಾಲು ಗಲ್ಲಾಪೆಟ್ಟಿಗೆ ದಾಟುವ ಹೊತ್ತಿಗೆ ಕೆಂಪೀರವ್ವ ಸೆರಗೊಡ್ಡಿ ನಿಂತಿದ್ದಳು. ವಾರವಾರವೂ ಸಾಹುಕಾರನ ಕೊಸರನ್ನು ಊರೆಲ್ಲ ಹೊಗಳುತ್ತಿದ್ದವಳು ಅವಳೇ. ಶಾಂತಮಲ್ಲಪ್ಪ ವ್ಯಾಪಾರಿಗಳ ರೂಢಿಯಂತೆ, ಒಂದು ಎನ್ನುವ ಬದಲು "ಲಾಭ" ಎಂದು ಎಣಿಕೆ ತೊಡಗಲು ಸೊಲಿಗೆಗೆ ಕೈಹಾಕಿದ.

"ತಡೀರಿ ಸಾವ್ಕಾರ್ರೆ. ಖಾಲಿ ಸೊಲಿಗೇಲಿ ಇರುವೆಗೇನು ಕೆಲಸ?"

ಅವಳು ತಳದಲ್ಲಿ ಬೆರಳಾಡಿಸಿ ನೆಕ್ಕಿದಳು. ಕೂಗಾಡಲಿಲ್ಲ. ಅಂಗಡಿ ಮುಂದಿನ ಹರವಿಯ ನೀರಿನಲ್ಲಿ ಸೊಲಿಗೆಯನ್ನು ತಿಕ್ಕಿ ತೊಳೆದಳು. ಸೆರಗಿನಲ್ಲಿ ಒರೆಸಿ ಅವನ ಮುಂದಿಟ್ಟಳು.

"ಈಗ ಅಳೀರಿ. ಕೊಸರು ಬೇಡ."

ಬರೆದುಕೋ ಪುಟ್ಟೀ. ಅವಳು "ಕೊಸರು ಬೇಡ" ಅಂದದ್ದನ್ನು ಮಾತ್ರ ಬಿಡಬೇಡ.