ಹಗೇವಿನ ಜೋಳ, ದೊರೆಯ ಬೇಲಿ

ಹತ್ತಿರ ಬನ್ರಪ್ಪಾ, ಹಿಂದೆ ಕೂತವರಿಗೂ ಕೇಳಬೇಕು. ಏಳು ಕಡಲಿನ ಆಚೆಗೆ ಒಂದು ರಾಜ್ಯ. ಇಂಗ್ಲಿಷರ ರಾಜ್ಯ. ಹೌದೌದು, ನಮ್ಮಲ್ಲಿಗೂ ಬಂದು ಕೂತಿದ್ದರಲ್ಲ, ಅವರದೇ. ಆದರೆ ಇದು ಅವರು ನಮ್ಮ ಕಡೆ ಇನ್ನೂ ಸರಿಯಾಗಿ ಕಣ್ಣು ಹಾಕದಿದ್ದ ಕಾಲದ ಮಾತು.

ಆ ರಾಜ್ಯದಲ್ಲಿ ಹಂಫ್ರಿ ಅಂತ ಒಬ್ಬ ಬಡಗಿ ಇದ್ದ. ಕೈಕೆಲಸ ಚೊಕ್ಕ, ಬಾಯಿ ಮೆತ್ತಗೆ, ಎಡಗಾಲು ಒಂಚೂರು ಎಳೆದು ನಡೆಯುವನು. ಸ್ವಂತಕ್ಕೆ ಅಂತ ಅಂಗೈಯಗಲ ನೆಲ ಇರಲಿಲ್ಲ. ಅವರಪ್ಪನ ಕಾಲಕ್ಕೇ ಊರಿನ ದೊಡ್ಡವರು ದನ ಮೇಯಿಸುವ ಬಯಲಿಗೆಲ್ಲ ಬೇಲಿ ಹಾಕಿಕೊಂಡು ಬಡವರನ್ನು ಆಚೆಗೆ ಅಟ್ಟಿದ್ದರು. ಹೀಗಿರುವಾಗ ಗಾಡ್‌ಫ್ರಿ ಅನ್ನುವ ದೊರೆಯೊಬ್ಬ ಡಂಗುರ ಹೊಡೆಸಿದ: "ಕಡಲಾಚೆ ಹೊಸ ನೆಲ ಇದೆ. ಹೇಳೋರಿಲ್ಲ, ಕೇಳೋರಿಲ್ಲ. ಬರೋರು ಬನ್ನಿ." ಹಂಫ್ರಿ ಹೆಂಡತಿಯ ಕೈ ಹಿಡಿದ, ಮೂರು ವರ್ಷದ ಮಗಳು ಮರ್ಸಿಯನ್ನು ಹೆಗಲ ಮೇಲೆ ಕೂರಿಸಿಕೊಂಡ, ಹಡಗು ಹತ್ತಿದ.

ಒಂದು ತಿಂಗಳು ನೀರು. ಎರಡು ತಿಂಗಳು ನೀರು. ಮೂರನೇ ತಿಂಗಳಿಗೆ ನೆಲ ಕಂಡಿತು.

ದೊರೆಯೂ ಸೇರಿ ನೂರು ಜನ ಇಳಿದರು. ಇಳಿದ ಗಳಿಗೆಯೇ ಸರಿಯಿಲ್ಲ. ಬಿತ್ತುವ ಕಾಲ ಹೋಗಿತ್ತು, ಹಿಮ ಬೀಳುವ ಕಾಲ ಬಂದಿತ್ತು. ತಂದಿದ್ದ ರೊಟ್ಟಿಗೆ ಹುಳ ಬಿತ್ತು. ಮೊದಲು ಮುದುಕರು ಹೋದರು. ಆಮೇಲೆ ಕೂಸುಗಳು ಹೋದವು. ಆಮೇಲೆ ಹಂಫ್ರಿಯ ಹೆಂಡತಿಯೂ ಹೋದಳು. ಮರ್ಸಿ "ಅಪ್ಪಾ, ಹಸಿವು" ಅಂತ ಅಳುತ್ತಿದ್ದವಳು ಅಳೋದನ್ನೂ ಬಿಟ್ಟಳು. ಮಗು ಅಳೋದು ಬಿಟ್ಟರೆ ಏನು ಅಂತ ಹೆತ್ತವರಿಗೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಹಂಫ್ರಿ ಸೌದೆಗೆ ಅಂತ ಕಾಡಿಗೆ ಹೋದ. ಒಂದು ಕಡೆ ಹಿಮದ ಕೆಳಗೆ ನೆಲ ಉಬ್ಬಿತ್ತು. ಕೈಯಲ್ಲೇ ಕೆದರಿದ. ಮೊದಲು ಎಲೆ, ಆಮೇಲೆ ಚಾಪೆ, ಚಾಪೆ ಎತ್ತಿದರೆ ಬುಟ್ಟಿ ತುಂಬ ಮೆಕ್ಕೆಜೋಳದ ತೆನೆ! ನಮ್ಮ ಹಿರಿಯರು ರಾಗಿಯನ್ನು ನೆಲದೊಳಗೆ ಹಗೇವು ತೋಡಿ ತುಂಬಿಡುತ್ತಿದ್ದರಲ್ಲ, ಅಲ್ಲಿನ ಜನಕ್ಕೂ ಅದೇ ರೂಢಿ.

ಇದು ಇನ್ನೊಬ್ಬರದು ಅಂತ ಅವನಿಗೆ ಹೊಳೆಯಲಿಲ್ಲ ಅಂದುಕೊಳ್ಳಬೇಡಿ. ಹೊಳೆಯಿತು. ಚಾಪೆ ತನ್ನಷ್ಟಕ್ಕೆ ತಾನೇ ಹೆಣೆದುಕೊಳ್ಳುತ್ತದಾ? ಆದರೂ ತೆಗೆದ. ಒಂದು ಸಲ ಹೊತ್ತ. ಎರಡು ಸಲ ಹೊತ್ತ. ಮೂರನೇ ಸಲ ತಳದಲ್ಲಿ ಒಂದು ತೊಗಲಿನ ಚೀಲ ಸಿಕ್ಕಿತು. ಒಳಗೆ ಆರಿಸಿ ಆರಿಸಿ ಇಟ್ಟ ದಪ್ಪ ಕಾಳು. ಅದು ಬೀಜ. ಮುಂದಿನ ವರ್ಷದ ಬಿತ್ತನೆ. ಹಂಫ್ರಿಯ ಕೈ ಒಂದು ಗಳಿಗೆ ತಡೆಯಿತು. ಆಮೇಲೆ ಅದನ್ನೂ ಹೊತ್ತು ತಂದು, ಕುಟ್ಟಿ ಗಂಜಿ ಕಾಸಿದ. ಮರ್ಸಿ ಉಳಿದಳು.

ಹಿಮ ಕರಗಿತು. ಆ ಸೀಮೆಯ ಯಜಮಾನಿ ಜನ ಕಟ್ಟಿಕೊಂಡು ಬಂದಳು. ಅವಳ ಹೆಸರು ಮಿಶ್ಕೊನಾ. ನಾಲಿಗೆ ತಿರುಗದಿದ್ದರೆ ಅಜ್ಜಿ ಅನ್ನಿ, ಸಾಕು. ಹಂಫ್ರಿ ಮಗಳನ್ನು ಎತ್ತಿಕೊಂಡ. ಈಟಿ ತಂದಳು ಅಂದುಕೊಂಡ. ಅವಳು ತಂದದ್ದು ಮೀನು, ಅಕ್ಕಪಕ್ಕದ ಹಾಡಿಗಳ ತಮ್ಮ ಜನರಲ್ಲಿ ಬೇಡಿ ತಂದ ಒಂದು ಬೊಗಸೆ ಬೀಜ. ಗುಣಿಗೊಂದು ಮೀನು ಹೂತು ಮೇಲೆ ನಾಲ್ಕು ಕಾಳು ಊರುವುದನ್ನು ಸನ್ನೆಯಲ್ಲೇ ಹೇಳಿಕೊಟ್ಟಳು. ಬೆಳೆ ಆಳೆತ್ತರ ಬಂತು. ಊರು ಉಳಿಯಿತು. ಆ ವರ್ಷ ಅಜ್ಜಿಯ ಸ್ವಂತ ಹೊಲ ಮಾತ್ರ ಬೀಳು ಬಿದ್ದಿತ್ತು. ಯಾಕೆ ಅಂತ ಇಂಗ್ಲಿಷರಲ್ಲಿ ಗೊತ್ತಿದ್ದವನು ಒಬ್ಬನೇ, ಅವನು ಬಾಯಿ ಬಿಡಲಿಲ್ಲ.

ವರ್ಷ ಕಳೆಯಿತು. ಅಜ್ಜಿಯ ಹಾಡಿಗೆ ಏಣಿ, ಮಣೆ ಅಂತ ಮಾಡಿಕೊಡುತ್ತ ಹಂಫ್ರಿ ಅವರ ಮಾತು ಕಲಿತ. ಅವರಲ್ಲೊಂದು ಪದ್ಧತಿ. ಬಂದವರಿಗೆ ಮೊದಲು ಗಂಜಿ ಕೊಡುತ್ತಾರೆ. ಉಂಡು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳುತ್ತಾರೆ: "ಹೇಳೋದೇನಾದರೂ ಇದೆಯಾ?" ಎಲ್ಲರನ್ನೂ ಕೇಳುತ್ತಾರೆ. ಆದರೆ ಅಜ್ಜಿ ಕೇಳಿದಾಗಲೆಲ್ಲ ಹಂಫ್ರಿಗೆ ತನ್ನೊಬ್ಬನನ್ನೇ ಕೇಳಿದ ಹಾಗಾಗುತ್ತಿತ್ತು.

"ಏನಿಲ್ಲ ಅಜ್ಜಿ" ಅನ್ನುತ್ತಿದ್ದ. "ಸರಿ ಮಗಾ" ಅನ್ನುತ್ತಿದ್ದಳು.

ಹನ್ನೆರಡು ವರ್ಷ ಇದೇ ಆಯಿತು.

ಅಷ್ಟರಲ್ಲಿ ಇನ್ನೊಂದು ಹಡಗು ಬಂತು, ಮತ್ತೊಂದು ಬಂತು, ಮಗದೊಂದು ಬಂತು. ನೂರರಿಂದ ಇಳಿದು ಐವತ್ತಾಗಿದ್ದವರು ಮುನ್ನೂರಾದರು. ಜನದ ಜೊತೆ ಹಂದಿಗಳೂ ಬಂದವು. ಇಂಗ್ಲಿಷರು ಹಂದಿಯನ್ನು ಕಟ್ಟುತ್ತಿರಲಿಲ್ಲ, ಕಾಡಿಗೆ ಬಿಡುತ್ತಿದ್ದರು. ಹಂದಿಗೇನು ನನ್ನ ಹೊಲ, ನಿನ್ನ ಹೊಲ? ಮೂರು ಸಲ ಅಜ್ಜಿಯ ಹೊಲ ನುಗ್ಗಿದವು. ಮೂರು ಸಲವೂ ಅಜ್ಜಿ ದೊರೆಯ ಹತ್ತಿರ ಬಂದಳು, ಹಂಫ್ರಿಯೇ ನಡುವೆ ನಿಂತು ಮಾತು ದಾಟಿಸಿದ.

ಮೊದಲ ಸಲ ದೊರೆ, "ಅಯ್ಯೋ ಪಾಪ" ಅಂದ. ಎರಡನೇ ಸಲ, "ನೋಡೋಣ" ಅಂದ. ಮೂರನೇ ಸಲ, "ನೀನ್ಯಾಕೆ ಬೇಲಿ ಹಾಕಲಿಲ್ಲ?" ಅಂದ.

"ಹಂದಿ ನಿಮ್ಮದು, ಬೇಲಿ ನಾನು ಹಾಕಬೇಕಾ?" ಅಂದಳು ಅಜ್ಜಿ.

ದೊರೆಗೆ ಅಲ್ಲೇ ಬುದ್ಧಿ ಓಡಿತು. ನೋಡ್ರಪ್ಪ, ಕೆಟ್ಟ ಬುದ್ಧಿಗೆ ಎಷ್ಟು ಬೇಗ ಕಾಲು ಬರುತ್ತದೆ! ಈ ಜನಕ್ಕೆ ಬೇಲಿ ಹಾಕುವ ರೂಢಿಯೇ ಇಲ್ಲ, ಎಲ್ಲ ಬಯಲು. ಆ ವಾರವೇ ಒಂದು ಶಾಸನ ಬರೆಸಿದ: "ಬೇಲಿ ಇಲ್ಲದ ನೆಲಕ್ಕೆ ಒಡೆಯರಿಲ್ಲ. ಬೇಲಿ ಹಾಕಿದವರದೇ ನೆಲ. ಹಾಕಿದ ಬೇಲಿ ಕಿತ್ತವರಿಗೆ ಗಡೀಪಾರು." ಹಂಫ್ರಿಯನ್ನು ಕರೆದು, "ಎರಡು ಸಾವಿರ ಗೂಟ ಕಡಿದು ಕಾಡಂಚಿಗೆ ಒಟ್ಟಯ್ಯ. ಸುಗ್ಗಿ ಮುಗಿದ ಸೋಮವಾರ ಆ ಮುದುಕಿ ಹೊಲ ಸುತ್ತಬೇಕು" ಅಂದ.

ಹಂಫ್ರಿ "ಆಗಲಿ ಸ್ವಾಮಿ" ಅಂದ. ಇನ್ನೇನಂತಾನೆ? ಗೂಟ ಕಡಿದ. ಕಡಿಯುವಾಗ ಅವನಿಗೆ ತನ್ನಪ್ಪ ನೆನಪಾದ. ಬೇಲಿಯಾಚೆ ನಿಂತು ತನ್ನದೇ ಹಸು ಮೇಯುತ್ತಿದ್ದ ಬಯಲನ್ನು ನೋಡುತ್ತಿದ್ದ ಅಪ್ಪ. ಇಲ್ಲಿ ಅಂಥದೇ ಬೇಲಿಯ ಗೂಟ ಚೂಪು ಮಾಡುತ್ತಿರುವವನು ಮಗ. ಥೂ ನನ್ನ ಬಾಳೇ ಅಂದುಕೊಂಡ. ಅಂದುಕೊಂಡು ಮುಂದಿನ ಗೂಟಕ್ಕೆ ಕೈ ಹಾಕಿದ.

ಸುಗ್ಗಿ ಮುಗಿದ ಗುರುವಾರ ಶಾಸನ ಓದಿ ಹೇಳಲು ಅಜ್ಜಿಯ ಹಾಡಿಗೆ ಹೋದ. ತಲೆ ಎತ್ತದೆ ಓದಿದ. ಅಜ್ಜಿ ರೇಗಲಿಲ್ಲ, ಅಳಲಿಲ್ಲ. "ಒಂದು ಮಾತು ಕೇಳಿಕೊಂಡು ಬಾ ಮಗಾ. ಯಾರು ಬೇಲಿ ಹಾಕಿದರೂ ನೆಲ ಅವರದೇನಾ?"

ಹಂಫ್ರಿ ದೊರೆಯ ಹತ್ತಿರ ಹೋದ. ದೊರೆ ನಕ್ಕ. "ಹ್ಞೂಂ, ಯಾರು ಹಾಕಿದರೂ. ಬರೆದುಕೊಡು."

ಮತ್ತೆ ಹೋದ. "ಒಳಗೆ ಮನೆ ಮಠ ಏನಿದ್ದರೂ ಸೇರಿಯೇನಾ?" ಅಂದಳು.

ದೊರೆ ಇನ್ನೂ ಜೋರಾಗಿ ನಕ್ಕ. ಮುದುಕಿಯ ಗುಡಿಸಲೂ ಸಿಕ್ಕ ಹಾಗಾಯಿತು ಅಂತ ಅವನ ಲೆಕ್ಕಾಚಾರ. "ಏನಿದ್ದರೂ ಸೇರಿ. ಬರೆ."

ಮೂರನೇ ಸಲ, "ಬರೆದ ಮಾತಿಗೆ ದೊರೆಯೂ ತಲೆಬಾಗುತ್ತಾನಾ?" ಅಂದಳು.

"ನಾನು ಇಂಗ್ಲಿಷರವನು ಕಣಯ್ಯಾ! ಬರೆದ ಮಾತು ತಪ್ಪೋನಲ್ಲ" ಅಂತ ದೊರೆ ಮೊಹರು ಒತ್ತಿಯೇ ಕೊಟ್ಟ.

ಅಜ್ಜಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೇಳೋದೇನಾದರೂ ಇದೆಯಾ ಮಗಾ?" ಅಂದಳು. ಹಂಫ್ರಿ ಹೊಸಿಲಾಚೆ ಕಾಲಿಟ್ಟ. "ಏನಿಲ್ಲ ಅಜ್ಜಿ."

ಭಾನುವಾರ ಬಂತು. ಭಾನುವಾರ ಅಂದರೆ ಆ ಊರಿನಲ್ಲಿ ಯಾರೂ ಕಡ್ಡಿ ಮುಟ್ಟುವ ಹಾಗಿಲ್ಲ. ಕೊಡಲಿ ಎತ್ತಬಾರದು, ಒಲೆ ಹಚ್ಚಬಾರದು. ಬೆಳಿಗ್ಗೆ ನಗಾರಿ ಬಾರಿಸಿದರೆ ಮುನ್ನೂರು ಜನವೂ ಪ್ರಾರ್ಥನೆಯ ಮನೆಯೊಳಗೆ. ಚಳಿ ಅಂತ ಕಿಟಕಿ ಬಾಗಿಲೆಲ್ಲ ಭದ್ರ. ಪಾದ್ರಿಯ ಉಪದೇಶ ಶುರುವಾದರೆ ಹೊತ್ತು ವಾಲುವ ತನಕ ನಿಲ್ಲದು. ಕಾವಲಿನವನೂ ಕೂತಲ್ಲೇ ತೂಕಡಿಸುತ್ತಿದ್ದ.

ನಡುವೆ ಹೊರಗೆ ಎಲ್ಲೋ ಟೊಕ್, ಟೊಕ್, ಟೊಕ್ ಅಂತು. ಮರಕುಟಿಗ ಇರಬೇಕು ಅಂದುಕೊಂಡರು ಜನ. ಬಡಗಿಯ ಕಿವಿಗೆ ಮೋಸ ಮಾಡೋಕಾಗುತ್ತಾ? ನೆಲಕ್ಕೆ ಗೂಟ ಇಳಿಯುವ ಸದ್ದು ಅದು. ತಾನೇ ಕಡಿದ ಗೂಟ. ಒಂದಲ್ಲ, ನೂರಾರು ಕೈಗಳು ಹೊಡೆಯುತ್ತಿವೆ. ಅಜ್ಜಿ ಕೇಳಿದ ಮೂರು ಮಾತೂ ಅವನಿಗೆ ಒಟ್ಟಿಗೇ ಅರ್ಥವಾದವು. ಹಂಫ್ರಿ ಅರ್ಧ ಎದ್ದ.

ದೊರೆ ಕಣ್ಣು ಕೆಕ್ಕರಿಸಿದ. "ಏನಯ್ಯಾ?"

ಒಂದು ಮಾತು ಹೇಳಿದ್ದರೆ ಸಾಕಿತ್ತು, ಮುನ್ನೂರು ಜನ ಹೊರಗೆ ನುಗ್ಗುತ್ತಿದ್ದರು. "ಏನಿಲ್ಲ ಸ್ವಾಮಿ" ಅಂದ. ಕೂತ.

ಹೊತ್ತು ವಾಲಿತು. ಬಾಗಿಲು ತೆರೆಯಿತು. ಹೊರಗೆ ಬಂದವರು ಬಂದಲ್ಲೇ ನಿಂತರು. ಊರ ಸುತ್ತ ಎದೆಯುದ್ದ ಬೇಲಿ! ಏಳು ಹಾಡಿಗಳ ಜನ ಬೇಲಿಯಾಚೆ ಸಾಲಾಗಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾರೆ. ಹಂದಿಗಳೆಲ್ಲ ಆಚೆ ಉಳಿದು ಒಳಗೆ ಇಣುಕುತ್ತಿವೆ. ಬಿಟ್ಟಿದ್ದ ಒಂದೇ ದಾರಿಯಲ್ಲಿ ಅಜ್ಜಿ ಮಣೆ ಹಾಕಿಕೊಂಡು ಕೂತಿದ್ದಾಳೆ, ಹಂಫ್ರಿಯೇ ಮಾಡಿಕೊಟ್ಟ ಮಣೆ. ಕೈಯಲ್ಲಿ ಕಾಗದ.

"ಕಿತ್ತು ಹಾಕಿ!" ಅಂತ ದೊರೆ ಕಿರುಚಿದ.

"ಇವತ್ತು ಭಾನುವಾರ!" ಅಂದರು ಪಾದ್ರಿ.

"ಹಾಗಾದರೆ ನಾಳೆ!"

"ಓದು ಮಗಾ" ಅಂತ ಅಜ್ಜಿ ಕಾಗದ ಚಾಚಿದಳು. ಹಂಫ್ರಿ ಓದಿದ. ಈ ಸಲ ತಲೆ ಎತ್ತಿ ಓದಿದ. ಬೇಲಿ ಹಾಕಿದವರದೇ ನೆಲ. ಯಾರು ಹಾಕಿದರೂ. ಒಳಗೆ ಏನಿದ್ದರೂ. ಕಿತ್ತವರಿಗೆ ಗಡೀಪಾರು. ಕೆಳಗೆ ದೊರೆಯ ಮೊಹರು.

ದೊರೆಯ ಮುಖ ಬಾಡಿಹೋಯಿತು. ಅತ್ತ ನೋಡಿದ, ಇತ್ತ ನೋಡಿದ, ಕೊನೆಗೆ ಅಜ್ಜಿಯನ್ನು ನೋಡಿದ. "ಏನು ಬೇಕು ನಿನಗೆ?"

"ನಿಮ್ಮ ಮನೆಗಳು ನನಗ್ಯಾಕಪ್ಪ? ಹೊಗೆ ಹೋಗೋಕೂ ನೆಟ್ಟಗೆ ದಾರಿಯಿಲ್ಲ. ನಿನ್ನ ಹಂದಿ ನೀನು ಕಟ್ಟಿಕೋ. ನಮ್ಮ ಹೊಲದ ತಂಟೆಗೆ ಬರಬೇಡ. ಈ ಕಾಗದ ನಿನ್ನ ಕೈಯಾರೆ ಹರಿ. ಬೇಲಿ ನಾನೇ ತೆಗೆಸ್ತೀನಿ."

ದೊರೆ ತನ್ನ ಕಾಗದ ತಾನೇ ಹರಿದ. ಮುನ್ನೂರು ಜನ ನೋಡುತ್ತಿದ್ದಂತೆ, ಮೊಹರು ಸಮೇತ.

ಆಮೇಲೆ ಬೇಲಿ ಕೀಳೋರಿಗೆ ಜಾಗ ಬಿಟ್ಟು ಒಬ್ಬೊಬ್ಬರೇ ಆ ದಾರಿಯಲ್ಲಿ ಆಚೆ ದಾಟಿದರು. ಪದ್ಧತಿ ಅಲ್ಲವಾ, ಅಜ್ಜಿ ಕೂತಲ್ಲಿಂದ ಒಬ್ಬೊಬ್ಬರನ್ನೂ ಕೇಳಿದಳು: "ಹೇಳೋದೇನಾದರೂ ಇದೆಯಾ?" ದೊರೆ ಮುಖ ತಿರುಗಿಸಿಕೊಂಡು ಹೋದ. ಪಾದ್ರಿ ಕೆಮ್ಮಿ ಹೋದರು. ಹಂಫ್ರಿ ಮಗಳ ಕೈ ಹಿಡಿದು ಬಂದ. ಮರ್ಸಿಗೆ ಈಗ ಹದಿನೈದು, ಅವಳಿಗೂ ಅಜ್ಜಿಯ ಭಾಷೆ ತಿಳಿಯುತ್ತಿತ್ತು.

"ಹೇಳೋದೇನಾದರೂ ಇದೆಯಾ ಮಗಾ?"

"ಇದೆ ಅಜ್ಜಿ." ಅವನು ಮಣ್ಣಲ್ಲೇ ಕೂತ. "ಮೊದಲ ಚಳಿಗಾಲ ನಿನ್ನ ಹಗೇವು ಅಗೆದವನು ನಾನು. ಬೀಜದ ಚೀಲವನ್ನೂ ಬಿಡಲಿಲ್ಲ. ಬೀಜ ಅಂತ ಗೊತ್ತಿತ್ತು."

"ನನಗೂ ಗೊತ್ತಿತ್ತು" ಅಂದಳು ಅಜ್ಜಿ. "ಹಿಮದ ಮೇಲೆ ಬೂಟಿನ ಹೆಜ್ಜೆ ಇತ್ತು. ಎಡಗಾಲು ಎಳೆದ ಹೆಜ್ಜೆ."

"ಗೊತ್ತಿದ್ದೂ ನಮಗೆ ಬೀಜ ತಂದುಕೊಟ್ಟೆಯಾ?"

"ಹಸಿದವನು ಅಂತ ಕೊಟ್ಟೆ. ಬಂದು ಕೇಳಿದ್ದರೆ ಅವತ್ತೂ ಕೊಡ್ತಿದ್ದೆ, ಹಂಚಿಕೊಂಡು ಉಣ್ತಿದ್ದೆವು. ಆ ಚಳಿಗಾಲ ಗಂಜಿಯಿಲ್ಲದೆ ನನ್ನ ತಂಗಿ ಹೋದಳು ಮಗಾ. ನೀನು ಬಂದು ಹೇಳ್ತೀಯ ಅಂತ ಹನ್ನೆರಡು ವರ್ಷ ಕೇಳ್ತಾನೇ ಇದ್ದೆ."

ಹಂಫ್ರಿ ಅಷ್ಟು ವರ್ಷ ತಾನು ಕದ್ದದ್ದು ಬರೀ ಜೋಳ ಅಂತ ತಿಳಿದಿದ್ದ. ಭೂಮಿ ಬಾಯಿ ಬಿಡಬಾರದಾ ಅನ್ನಿಸಿತು. ಮರ್ಸಿ ಅವನ ಕೈ ಬಿಟ್ಟಳು. ಅಜ್ಜಿಯ ಮುಂದೆ ಹೋಗಿ ನಿಂತು, "ಆ ಗಂಜಿ ಕುಡಿದವಳು ನಾನು" ಅಂದಳು, ಅತ್ತಳು. ಅಜ್ಜಿ ಅವಳ ತಲೆ ಸವರಿದಳು. ಹಂಫ್ರಿಯ ತಲೆ ಸವರಲಿಲ್ಲ. ಕ್ಷಮಿಸಿದೆ ಅಂತಲೂ ಅನ್ನಲಿಲ್ಲ.

"ನಾಳೆ ಬಾ" ಅಂದಳು. "ಆ ಹಗೇವು ಇನ್ನೂ ಖಾಲಿ ಇದೆ."

ಸೋಮವಾರ ಹಂಫ್ರಿ ಹೋದ. ತನ್ನ ಬೆಳೆಯ ದಪ್ಪ ಕಾಳನ್ನೆಲ್ಲ ಆರಿಸಿ, ತೊಗಲಿನ ಚೀಲದಲ್ಲಿ ಕಟ್ಟಿ, ತಳದಲ್ಲಿಟ್ಟ. ಮೇಲೆ ತೆನೆ ತುಂಬಿದ, ಚಾಪೆ ಹಾಸಿದ, ಮಣ್ಣು ಮುಚ್ಚಿದ. ಬದುಕಿರುವ ತನಕ ಪ್ರತಿ ಸುಗ್ಗಿಗೂ ತುಂಬಿದ. ಅವನು ಹೋದ ಮೇಲೆ ಮರ್ಸಿ ತುಂಬಿದಳು.

ಆಮೇಲೆ ಹಡಗು ಬರೋದು ನಿಂತಿತಾ ಅಂತ ಕೇಳ್ತೀರಾ? ಇಲ್ಲ. ಹೇಳೋಕೆ ನನಗೇ ನಾಚಿಕೆ. ಬೇರೆ ದೊರೆಗಳು ಬಂದರು, ಬೇರೆ ಕಾಗದ ಬರೆದರು, ಅಜ್ಜಿಯಂಥವರಿಲ್ಲದ ಕಡೆ ಸೀಮೆಗೆ ಸೀಮೆಯನ್ನೇ ಸುತ್ತಿಕೊಂಡರು. ಆ ಒಂದು ಹೊಲಕ್ಕೆ ಮಾತ್ರ ಹಂಫ್ರಿ ಇರುವ ತನಕ ಗೂಟ ಬೀಳಲಿಲ್ಲ.

ಇದರ ನೀತಿ ಏನು ಅಂದರೆ, ಹಸಿದು ಕೈ ಚಾಚುವುದರಲ್ಲಿ ನಾಚಿಕೆಯಿಲ್ಲ. ಕೇಳದೆ ತೆಗೆದುಕೊಂಡದ್ದನ್ನು ಮುಚ್ಚಿಟ್ಟು, ಅನ್ನ ಕೊಟ್ಟವರ ನೆಲಕ್ಕೇ ಬೇಲಿ ಹಾಕಲು ಹೊರಟರೆ, ಅವರು ಮರೆತರೂ ನಮಗೆ ತಲೆ ಎತ್ತೋಕೆ ಆಗುವುದಿಲ್ಲ. ತಪ್ಪು ಮಾಡಿದವರು ಬಾಯಿಬಿಟ್ಟು ಹೇಳಬೇಕು, ತೆಗೆದದ್ದನ್ನು ತುಂಬಬೇಕು.

ಕಥೆ ಮುಗಿಯಿತು, ನನ್ನ ಎಲೆಯಡಿಕೆಯೂ ಮುಗಿಯಿತು. ಏಳಿ, ಮನೆಗೆ ಹೋಗಿ. ಹೋಗುವ ಮುಂಚೆ, ಯಾರಿಗಾದರೂ ಹೇಳೋದೇನಾದರೂ ಇದೆಯಾ?