ಉಂಗುರಕ್ಕೆ ಹತ್ತಿದ ಮೇಣ

"ನಾನು ಕಳೆದುಕೊಂಡದ್ದಾದರೂ ಏನು, ಬುದ್ಧಿ? ಊರಿಗೆಲ್ಲ ಯಾಕೆ ಸಾರಬೇಕು?" ಎಂದು ಶಿಷ್ಯ ಹಾಲಯ್ಯ ಕೇಳಿದ.

ಮಠದ ಇಮೇಲ್ ನೋಡಿಕೊಳ್ಳುತ್ತಿದ್ದವನು ಅವನೇ. ನಾಲ್ಕು ದಿನದ ಹಿಂದೆ ಒಂದು ಪತ್ರ ಬಂದಿತ್ತು. ನಿಮ್ಮ ಖಾತೆಗೆ ಯಾರೋ ಕೈ ಹಾಕಿದ್ದಾರೆ, ಈಗಲೇ ಪಾಸ್‌ವರ್ಡ್ ತುಂಬದಿದ್ದರೆ ಖಾತೆ ಮುಚ್ಚುತ್ತೇವೆ ಎಂದಿತ್ತು. ಹಾಲಯ್ಯ ಗಾಬರಿಬಿದ್ದು ತುಂಬಿದ್ದ. ಅದು ಮೋಸದ ಪತ್ರವೆಂದು ಇಂದು ತಿಳಿದು ಪಾಸ್‌ವರ್ಡ್ ಬದಲಿಸಿದ್ದ. ಭಕ್ತರ ವಿಳಾಸಗಳೂ ಅವರು ಮಠಕ್ಕೆ ಬರೆದ ಪತ್ರಗಳೂ ಆ ಖಾತೆಯಲ್ಲೇ ಇದ್ದವು; ಒಂದೂ ಕಾಣೆಯಾಗಿರಲಿಲ್ಲ. ಆದರೂ ಭಕ್ತರಿಗೆಲ್ಲ ವಿಷಯ ತಿಳಿಸು ಎಂದು ಗುರುಗಳು ಹೇಳಿದ್ದು ಅವನಿಗೆ ನುಂಗಲಾರದ ತುತ್ತಾಗಿತ್ತು.

ಗುರುಗಳು ಕತೆ ತೆಗೆದರು.

ಒಬ್ಬ ವೈದ್ಯನಿದ್ದ. ಜ್ವರಕ್ಕೆ ಅವನ ಪುಡಿಯೇ ಆಗಬೇಕು. ದೂರದ ಊರುಗಳಿಗೆ ಅದನ್ನು ಪೊಟ್ಟಣ ಕಟ್ಟಿ, ಮೇಲೆ ಅರಗು ಹಾಕಿ, ಉಂಗುರದ ಮುದ್ರೆ ಒತ್ತಿ ಕಳಿಸುತ್ತಿದ್ದ. ಮುದ್ರೆ ಇಲ್ಲದ್ದನ್ನು ಬಾಯಿಗೆ ಹಾಕಬೇಡಿ ಎಂದು ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಸ್ವಲ್ಪ ಜಂಬವೂ ಇರುತ್ತಿತ್ತು.

ಒಂದು ದಿನ ಅರಮನೆಯ ಉಡುಪಿನವನೊಬ್ಬ ಓಡಿಬಂದ. ನಿಮ್ಮ ಮುದ್ರೆಯನ್ನು ಯಾರೋ ನಕಲು ಮಾಡಿದ್ದಾರೆ, ಅಸಲಿ ಉಂಗುರ ಕೊಡಿ, ತಾಳೆ ನೋಡಬೇಕು, ತಡಮಾಡಿದರೆ ನಿಮ್ಮ ಮುದ್ರೆಯೇ ರದ್ದಾಗುತ್ತದೆ ಎಂದ. ಅರಮನೆ ಅದೇ ಬೀದಿಯ ತುದಿಯಲ್ಲಿತ್ತು. ಹೋಗಿ ಕೇಳಬಹುದಿತ್ತು. ಹೆದರಿದ ವೈದ್ಯನಿಗೆ ಅಷ್ಟೂ ಹೊಳೆಯಲಿಲ್ಲ. ಉಂಗುರ ಕಳಚಿ ಕೊಟ್ಟ.

ಸ್ವಲ್ಪ ಹೊತ್ತಿಗೆಲ್ಲ ಆತ ಉಂಗುರ ತಂದುಕೊಟ್ಟು, ಎಲ್ಲ ಸರಿಯಿದೆ ಎಂದು ಕೈಮುಗಿದು ಹೋದ. ತೊಡುವಾಗ ವೈದ್ಯನಿಗೆ ಅದರ ಕೆತ್ತನೆಯಲ್ಲಿ ಎಳ್ಳಷ್ಟು ಮೇಣ ಕಂಡಿತು. ಮೇಣಕ್ಕೆ ಒತ್ತಿ ಅಚ್ಚು ತೆಗೆದಿದ್ದಾರೆಂದು ಅವನಿಗೆ ಆಗಲೇ ತಿಳಿಯಿತು. ಆದರೆ ಮುದ್ರೆ ನೋಡಿ ನಂಬಿ ಎಂದ ಬಾಯಲ್ಲೇ ನಂಬಬೇಡಿ ಎನ್ನುವುದು ಹೇಗೆ? ನಾಚಿಕೆಯಾಯಿತು. ಉಗುರಿನಿಂದ ಮೇಣ ಕೆರೆದು ಹಾಕಿದ. ಉಂಗುರ ಬೆರಳಲ್ಲೇ ಇದೆಯಲ್ಲ ಎಂದುಕೊಂಡು ಸುಮ್ಮನಾದ.

ಎರಡೇ ತಿಂಗಳಲ್ಲಿ ಅವನ ಮುದ್ರೆಯ ಪೊಟ್ಟಣಗಳು ಅವನು ಹೆಸರೂ ಕೇಳದ ಸಂತೆಗಳಲ್ಲಿ ಮಾರಾಟವಾದವು. ಒಳಗೆ ಇದ್ದದ್ದು ಬರೀ ಬೂದಿ. ಮತ್ತೊಂದು ದಿನ ವೈದ್ಯನ ತಂಗಿಯ ಗಂಡ ದೂರದ ಊರಿನಿಂದ ಒಬ್ಬನೇ ನಡೆದು ಬಂದ. ಅವಳು ಜ್ವರದಲ್ಲಿ ತೀರಿಹೋಗಿದ್ದಳು.

"ಕಹಿಯೇ ಇಲ್ಲ, ಇದು ಅಣ್ಣನ ಪುಡಿಯಲ್ಲ ಅಂದಳು, ಭಾವ. ನಿಮ್ಮ ಮುದ್ರೆ ತೋರಿಸಿ ನಾನೇ ಕುಡಿಸಿದೆ."

ವೈದ್ಯ ಅವನಿಗೂ ಮೇಣದ ಮಾತು ಹೇಳಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಆ ವೈದ್ಯನನ್ನು ನೆನೆದರೆ ತಮಗೆ ಸಿಟ್ಟೂ ಬರುತ್ತದೆ, ಅಳುವೂ ಬರುತ್ತದೆ ಎಂದರು.

ಹಾಲಯ್ಯ ಮೆಲ್ಲಗೆ, "ನನ್ನ ಖಾತೆ ನನ್ನ ಕೈಯಲ್ಲೇ ಇದೆಯಲ್ಲ, ಬುದ್ಧಿ" ಎಂದ.

ಗುರುಗಳು ಹೇಳಿದರು: "ವೈದ್ಯನ ಉಂಗುರವೂ ಕೊನೆಯವರೆಗೆ ಅವನ ಬೆರಳಲ್ಲೇ ಇತ್ತು, ಹಾಲಯ್ಯ."