ಮುಟ್ಟಿದರೆ ಬೆಚ್ಚಗಿದ್ದ ಕಾರು

"ಒಲೆ ಆರಿದೆಯೇನೋ, ಮುಟ್ಟಿ ನೋಡಿ," ಅಂದಳು ಕಾಯಿಲೆ ಬಿದ್ದು ಮಲಗಿದ್ದ ಸಣ್ಣತಾಯಿ, ಗಂಡ ಜವರನಿಗೆ. ಅವನು ಮುಟ್ಟಿ ಬರುವಷ್ಟರಲ್ಲಿ ಅವಳ ಉಸಿರು ನಿಂತಿತ್ತು. ಆಮೇಲೆ ಜವರ ಒಲೆ ಹಚ್ಚಲಿಲ್ಲ. ಯಾರಾದರೂ ಕೊಟ್ಟರೆ ಉಂಡ.

ಹಾಗಿರುವಾಗ ಊರಿಗೆ ಡಂಗುರ ಬಂತು.

"ಕೇಳ್ರಪ್ಪೋ ಕೇಳಿ. ಮಹಾರಾಜರು ಹಳೇ ಕಾರು ಕೊಂಡು ಮೋಸ ಹೋಗವ್ರೆ. ಮುಂದಿನ ಕಾರು ನೋಡೋಕೆ ಜೊತೆಗೊಬ್ಬ ಬೇಕು. ಮೂರು ಒಗಟು ಬಿಡಿಸಿದವನಿಗೆ ಕೇಳಿದ್ದು ಸಿಗುತ್ತೆ. ತಪ್ಪಿದವನ ತಲೆ ಬೆಳಗಾದರೆ ಇರಲ್ಲ."

ಜವರ ಎದ್ದು ಹೊರಟ.

"ತಲೆ ಹೋಗುತ್ತೆ ಕಣೋ," ಅಂದಳು ಪಕ್ಕದ ಮನೆಯ ಅಜ್ಜಿ.

"ಹೋದ್ರೆ ಹೋಗ್ಲಿ ಬಿಡಜ್ಜಿ."

ಅರಮನೆಯಲ್ಲಿ ಅವನಿಗಿಂತ ಮುಂಚೆ ಇಬ್ಬರು ನಿಂತಿದ್ದರು. ರಾಜ ಮೊದಲ ಒಗಟು ಕೇಳಿದ. "ಕಾರು ಮರದ ನೆರಳಲ್ಲಿ ನಿಂತಿತ್ತು. ಬಾನೆಟ್ ಮುಟ್ಟಿದರೆ ಆಗಲೇ ಬೆಚ್ಚಗಿತ್ತು. ಯಾಕೆ?"

"ಉಜ್ಜಿ ಉಜ್ಜಿ ಹೊಳಪು ಕೊಟ್ಟಿರಬೇಕು," ಅಂದ ಸಾಹುಕಾರನ ಮಗ.

"ತಮ್ಮ ಹಸ್ತದ ತೇಜಸ್ಸು, ಪ್ರಭು," ಅಂದ ದಳವಾಯಿಯ ಅಳಿಯ.

ರಾಜ ಅದೇ ಹಸ್ತದಿಂದ ಸೆರೆಮನೆ ತೋರಿಸಿದ. ಇಬ್ಬರನ್ನೂ ಎಳೆದುಕೊಂಡು ಹೋದರು.

ಜವರ ಮುಂದೆ ಬಂದು ಕೈಮುಗಿದ.

"ನಮ್ಮನೇಲಿ ಹಸಿ ಸೌದೆ, ಬುದ್ಧಿ. ಹೊತ್ತಿಕೊಳ್ಳುವಾಗ ಮನೆಯೆಲ್ಲ ಹೊಗೆ. ನೆಂಟರು ಬರ್ತಾರೆ ಅಂದ್ರೆ ನಮ್ಮವಳು ಮುಂಚೇನೇ ಹಚ್ಚಿಟ್ಟಿರೋಳು, ಹೊಗೆ ಕಾಣಬಾರದು ಅಂತ. ಈ ಕಾರೂ ತಣ್ಣಗಿದ್ದಾಗ ಕೆಮ್ಮುತ್ತೇನೋ. ನೀವು ಬರೋ ಮುಂಚೆ ಮಾರೋನು ಓಡಿಸಿ ಬಿಸಿ ಮಾಡಿಟ್ಟವ್ನೆ."

ರಾಜ ಹೌದೆನ್ನುವಂತೆ ತಲೆ ಆಡಿಸಿದ. "ಎರಡನೇದು. ಮಾರುವವನಿಗೆ ಮನೆಯಿತ್ತಂತೆ. ನನ್ನನ್ನು ಕರೆದದ್ದು ಮಾತ್ರ ಹೆದ್ದಾರಿ ಪಕ್ಕಕ್ಕೆ. ಯಾಕೆ?"

"ಗಾಡಿ ಅವನದಲ್ಲ ಬುದ್ಧಿ. ಅವನ ಬೀದಿಗೆ ಹೋಗಿದ್ರೆ ಪಕ್ಕದ ಮನೆಯೋರೇ ಹೇಳಿಬಿಡೋರು."

"ಅದರ ನಿಜವಾದ ಮಾಲೀಕ ಆಮೇಲೆ ನಮ್ಮ ಬಾಗಿಲಿಗೆ ಬಂದ," ಅಂದ ರಾಜ. ದನಿ ಇಳಿದಿತ್ತು. "ಕೊನೇದು. 'ಈಗಲೇ ಮುಂಗಡ ಕೊಡಿ, ನಿಮ್ಮ ಹಿಂದೆ ಇನ್ನೊಬ್ಬ ಕಾಯ್ತಿದ್ದಾನೆ' ಅಂದಿದ್ದ ಆ ಮಾರುವವನು. ನಾನು ಅವಸರ ಬಿದ್ದು ಕೊಟ್ಟೆ. ಆ ಇನ್ನೊಬ್ಬ ಯಾರು?"

ಜವರ ಹಿಂದೆ ತಿರುಗಿ ನೋಡಿದ. ಅದು ಈಚೆಗೆ ಅವನಿಗೆ ಅಭ್ಯಾಸವಾಗಿತ್ತು.

"ಯಾರೂ ಇಲ್ಲ ಬುದ್ಧಿ. ಇದ್ದಾರೆ ಅನ್ನಿಸುತ್ತೆ, ಅಷ್ಟೇ. ಒಂದು ಸಲ ತಿರುಗಿ ನೋಡಿದ್ರೆ ಗೊತ್ತಾಗುತ್ತೆ."



"ಏನು ಬೇಕು ಕೇಳು," ಅಂದ ರಾಜ.

"ಆ ಇಬ್ಬರನ್ನ ಬಿಟ್ಟುಬಿಡಿ. ಅವರು ತಿರುಗಿ ನೋಡಿದ್ರೆ ಮನೇಲಿ ಯಾರಾದ್ರೂ ಇರ್ತಾರೆ."

ರಾಜ ಇಬ್ಬರನ್ನೂ ಬಿಟ್ಟ. ಜವರನನ್ನು ಅರಮನೆಯ ಒಳ್ಳೇ ಕಾರಿನಲ್ಲಿ ಮನೆಗೆ ಕಳಿಸಿದ. ಮುಂದೆ ತನ್ನ ಜೊತೆ ಕಾರು ನೋಡಲು ಅದರಲ್ಲೇ ಬರಲಿ ಎಂದು, ಕಾರನ್ನೂ ಅವನಿಗೇ ಕೊಟ್ಟ.

ಮಾರನೇ ದಿನ ಬೆಳಿಗ್ಗೆ ಜವರ ಅಂಗಳದ ಕಾರಿನ ಕಡೆ ನೋಡಲಿಲ್ಲ. ಒಳಗೆ ಹೋಗಿ ಒಲೆ ಮುಟ್ಟಿದ. ತಣ್ಣಗಿತ್ತು. ಸೌದೆ ಒಟ್ಟಿ ಊದುತ್ತ ಕೂತ. ಮನೆಯೆಲ್ಲ ಹೊಗೆಯಾಯಿತು. ಹೊತ್ತಿಕೊಂಡ ಮೇಲೆ, ಒಬ್ಬನ ಮುದ್ದೆಗಾಗುವಷ್ಟು ನೀರಿಟ್ಟ.